ರಾಣಿಯ ಪ್ರೇಮಕ್ಕೆ ಮೊದಲು ರಾಣಿಯ ಕಡತ: ಅರಮನೆಯ ಹೆಂಗಸರ ಐತಿಹಾಸಿಕ ಕಾದಂಬರಿ ಬರೆಯುವವರಿಗೆ ಸಮಗ್ರ ಮಾರ್ಗದರ್ಶಿ

ಅರಮನೆಯ ಹೆಂಗಸರ ಬಗ್ಗೆ ಕಾದಂಬರಿ ಬರೆಯಲು ಕೂತವರಲ್ಲಿ ಹೆಚ್ಚಿನವರು ಮೊದಲ ಅಧ್ಯಾಯದಲ್ಲಿ ರಾಣಿಗೆ ಅಭ್ಯಂಜನ ಮಾಡಿಸುತ್ತಾರೆ, ಎರಡನೆಯದರಲ್ಲಿ ಒಡವೆ ತೊಡಿಸುತ್ತಾರೆ, ಮೂರನೆಯದಕ್ಕೆ ಬೆಳದಿಂಗಳು ತರಿಸುತ್ತಾರೆ. ಅರವತ್ತು ಪುಟ ಕಳೆದರೂ ಆಕೆಯ ಊಳಿಗದವರಿಗೆ ಸಂಬಳ ಯಾವ ಬೊಕ್ಕಸದಿಂದ ಹೋಗುತ್ತದೆ, ಆಕೆಯ ಮಾತಿಗೆ ಯಾವ ಊರುಗಳು ಕಿವಿಗೊಡುತ್ತವೆ, ಗಂಡ ಸತ್ತ ಮರುದಿನ ಆಕೆ ಯಾವ ಕೋಣೆಯಲ್ಲಿ ಇರುತ್ತಾಳೆ ಎಂಬುದು ಬರೆದವರಿಗೂ ತಿಳಿದಿರುವುದಿಲ್ಲ. ಪ್ರೀತಿಗಾಗಿ ಏನನ್ನು ಪಣಕ್ಕಿಡುತ್ತಿದ್ದಾಳೆ ಎಂದು ಗೊತ್ತಿಲ್ಲದ ರಾಣಿಯ ಪ್ರೇಮ ಯಾರ ಪ್ರೇಮವಾದರೂ ಆಗಬಹುದು. ಅದಕ್ಕೆ ಅರಮನೆ ಬೇಕಿಲ್ಲ. ಆದ್ದರಿಂದ ಇಲ್ಲಿ ಕೆಲಸ ಲೆಕ್ಕದಿಂದ ಶುರುವಾಗುತ್ತದೆ, ಪ್ರೇಮ ಅರ್ಧ ದಾರಿಯಲ್ಲಿ ಬಂದು ಸೇರಿಕೊಳ್ಳುತ್ತದೆ.

ಉದಾಹರಣೆಗೆ ನಾನು ಹಿಡಿದುಕೊಂಡಿರುವುದು ಕೆಳದಿಯ ಆಸ್ಥಾನ. ಕೆಳದಿ, ಇಕ್ಕೇರಿ, ಬಿದನೂರು ಎಂದು ರಾಜಧಾನಿ ಬದಲಿಸುತ್ತ 1763ರ ತನಕ ಮಲೆನಾಡು ಮತ್ತು ಕರಾವಳಿಯನ್ನು ಆಳಿದ ಈ ಮನೆತನದಲ್ಲಿ ಕಾದಂಬರಿಕಾರರಿಗೆ ಬೇಕಾದ ಮೂರು ಬಗೆಯ ಹೆಂಗಸರೂ ಸಿಗುತ್ತಾರೆ. ಗಂಡನನ್ನು ಗಂಡನೆಂದು ಒಪ್ಪಲು ನಿರಾಕರಿಸಿದ ಭದ್ರಮ್ಮ, ಗಂಡ ಹೋದ ಮೇಲೆ 25 ವರ್ಷ ಆಳಿದ ಚೆನ್ನಮ್ಮಾಜಿ, ಸೋತದ್ದಕ್ಕೆ ಹೆಸರನ್ನೂ ಕಳೆದುಕೊಂಡ ವೀರಮ್ಮಾಜಿ.

ಹೆಜ್ಜೆ 1: ಒಂದು ಆಸ್ಥಾನ, ಕೆಲವೇ ವರ್ಷ

ಹುಟ್ಟಿನಿಂದ ಸಾವಿನವರೆಗೆ ಬರೆಯಬೇಡಿ. ಹಾಗೆ ಬರೆದರೆ ಅದು ಪಠ್ಯಪುಸ್ತಕದ ಪಾಠದ ಹಿಗ್ಗಿಸಿದ ರೂಪವಾಗುತ್ತದೆ. ಅಧಿಕಾರ ಕೈಬದಲಾಯಿಸುವ ಒಂದು ಅವಧಿಯನ್ನು ಹುಡುಕಿ, ಅದರ ಎರಡೂ ಕಡೆ ಸ್ವಲ್ಪ ಜಾಗ ಬಿಟ್ಟು ಬೇಲಿ ಹಾಕಿಕೊಳ್ಳಿ. ಚೆನ್ನಮ್ಮಾಜಿಯ ವಿಷಯದಲ್ಲಿ ಅಂಥ ಅವಧಿಗಳು ಎರಡಿವೆ: ಸೋಮಶೇಖರ ನಾಯಕ ಕುಸಿಯುತ್ತ ಹೋಗಿ ಸತ್ತ 1671ರ ಆಸುಪಾಸು, ಮತ್ತು ಶಿವಾಜಿಯ ಮಗ ರಾಜಾರಾಮ ಮೊಗಲರಿಂದ ತಪ್ಪಿಸಿಕೊಂಡು ಆಶ್ರಯ ಕೇಳಿ ಬಂದ 1689. ಎರಡನೆಯದು ಯುದ್ಧದ ಕಥೆ, ಎಲ್ಲರೂ ಅದನ್ನೇ ಬರೆಯುತ್ತಾರೆ. ನನಗೆ ಮೊದಲನೆಯದೇ ಹೆಚ್ಚು ರುಚಿ. ಗಂಡ ಬದುಕಿದ್ದಾನೆ, ಆದರೆ ಆಳುತ್ತಿಲ್ಲ. ಹೆಂಡತಿ ಆಳಬಲ್ಲಳು, ಆದರೆ ಅದನ್ನು ತೋರಿಸುವಂತಿಲ್ಲ. ಇಷ್ಟರಲ್ಲೇ ನಾಲ್ಕು ನೂರು ಪುಟಗಳಿವೆ.

ಹೆಜ್ಜೆ 2: ಪುಸ್ತಕದ ಎಡಪುಟ, ಬಲಪುಟ

ಒಂದು ದಪ್ಪ ನೋಟ್‌ಬುಕ್ ತೆಗೆದುಕೊಳ್ಳಿ. ಎಡಪುಟದಲ್ಲಿ ದಾಖಲೆ ಇರುವ ಸಂಗತಿ, ಬಲಪುಟದಲ್ಲಿ ಜನ ಹೇಳುವ ಸಂಗತಿ. ಚೆನ್ನಮ್ಮಾಜಿಯ ಎಡಪುಟ ಹೀಗಿರುತ್ತದೆ: ಸೋಮಶೇಖರ ನಾಯಕನ ಹೆಂಡತಿ, 1671ರ ಸುಮಾರಿಗೆ ಆಡಳಿತ ಕೈಗೆ, ಬಸವಪ್ಪ ನಾಯಕನ ದತ್ತು, 1689ರಲ್ಲಿ ರಾಜಾರಾಮನಿಗೆ ಆಶ್ರಯ, ಆ ಕಾರಣಕ್ಕೆ ಔರಂಗಜೇಬನ ಸೈನ್ಯದ ಜೊತೆ ಕಾದಾಟ, 1697ರ ಸುಮಾರಿಗೆ ಆಳ್ವಿಕೆಯ ಕೊನೆ. ಬಲಪುಟದಲ್ಲಿ: ಕೋಟಿಪುರದ ಸಿದ್ದಪ್ಪಶೆಟ್ಟರ ಮಗಳಾಗಿದ್ದ ಆಕೆಯನ್ನು ರಾಮೇಶ್ವರನ ಜಾತ್ರೆಯಲ್ಲಿ ನಾಯಕ ಕಂಡು ಮೆಚ್ಚಿದ, ಆಮೇಲೆ ಕಲಾವತಿ ಎಂಬ ನರ್ತಕಿಗೆ ಮರುಳಾದ, ಆಕೆಯ ಕಡೆಯವರು ಕೊಟ್ಟ ಮದ್ದುಗಳಿಂದ ಬುದ್ಧಿ ಕೆಟ್ಟ.

ಬಲಪುಟವನ್ನು ಕಸವೆಂದು ಎಣಿಸಬೇಡಿ. ಕಾದಂಬರಿಯ ಅರ್ಧ ಸರಕು ಅಲ್ಲಿಯೇ ಇರುತ್ತದೆ. ಆದರೆ ಯಾವುದು ಯಾವ ಪುಟದ್ದು ಎಂಬುದು ಮೂರು ವರ್ಷಗಳ ನಂತರವೂ ನಿಮಗೆ ನೆನಪಿರಬೇಕು; ನೆನಪನ್ನು ನಂಬದೆ ಅಂದೇ ಬರೆದಿಡಿ.

ತಾರೀಖಿನ ವಿಷಯ ಚುಟುಕಾಗಿ: ಶಾಸನಗಳಲ್ಲಿ ಸಿಗುವುದು ಶಕವರ್ಷ. ಅದಕ್ಕೆ 78 ಸೇರಿಸಿದರೆ ಹೆಚ್ಚೂಕಡಿಮೆ ಕ್ರಿಸ್ತಶಕ. 1671ರ ಯುಗಾದಿಯಿಂದ ಶಕ 1593, ವಿರೋಧಿಕೃತ್ ಸಂವತ್ಸರ, ಮರುವರ್ಷ ಪರಿಧಾವಿ. ನಿಮ್ಮ ಪಾತ್ರಗಳು ಇಸವಿಯ ಲೆಕ್ಕದಲ್ಲಿ ಯೋಚಿಸುವವರಲ್ಲ, ಆದ್ದರಿಂದ ಈ ಪಟ್ಟಿ ಮೇಜಿನ ಮೇಲೆ ಇರಲಿ.

ಹೆಜ್ಜೆ 3: ಸಾಕ್ಷಿ ಯಾರ ಬಾಯಿಂದ ಬಂದಿತೆಂದು ಕೇಳಿ

ಶಾಸನದಿಂದ ಶುರುಮಾಡಿ. ಬಿ.ಎಲ್. ರೈಸ್ ಆರಂಭಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನಸಂಗ್ರಹದ ಸಂಪುಟಗಳಲ್ಲಿ 7 ಮತ್ತು 8 ಶಿವಮೊಗ್ಗ ಜಿಲ್ಲೆಯವು, 2ನೆಯದು ಶ್ರವಣಬೆಳಗೊಳದ್ದು. ಕೆಳದಿಯ ಬಗ್ಗೆ ಬರೆಯುವವರೂ ಒಮ್ಮೆ 2ನೇ ಸಂಪುಟ ತೆರೆದು ಹೊಯ್ಸಳರ ಶಾಂತಲೆಯ ಶಾಸನಗಳನ್ನು ಓದಬೇಕು ಎನ್ನುತ್ತೇನೆ. ರಾಣಿಯೊಬ್ಬಳ ಶಾಸನವನ್ನು ಓದುವುದು ಹೇಗೆಂದು ಕಲಿಯಲು ಅದಕ್ಕಿಂತ ಒಳ್ಳೆಯ ಶಾಲೆ ಇಲ್ಲ. ಬೆಳಗೊಳದ ಚಂದ್ರಗಿರಿ ಬೆಟ್ಟದ ಮೇಲೆ ಆಕೆ 1123ರಲ್ಲಿ ಕಟ್ಟಿಸಿದ ಬಸದಿಯ ಹೆಸರೇ ಸವತಿಗಂಧವಾರಣ ಬಸದಿ. ಸೊಕ್ಕಿದ ಸವತಿಯರ ಪಾಲಿಗೆ ಮದದಾನೆ ಎಂಬ ಬಿರುದು ಅದು. ಒಬ್ಬ ಪಟ್ಟದ ರಾಣಿ ತನ್ನ ಧರ್ಮಕಾರ್ಯದ ಮೇಲೆ ಇಂಥ ಹೆಸರನ್ನು ಕೆತ್ತಿಸಿಕೊಳ್ಳುತ್ತಾಳೆ ಎಂದರೆ ಅಂತಃಪುರದಲ್ಲಿ ಏನು ನಡೆಯುತ್ತಿತ್ತು ಎಂದು ನಾನು ಬಿಡಿಸಿ ಹೇಳಬೇಕಿಲ್ಲ. ಅಪ್ಪ ಮಾರಸಿಂಗಯ್ಯ ಶೈವ, ಅಮ್ಮ ಮಾಚಿಕಬ್ಬೆ ಜೈನಳು, ಗಂಡ ವಿಷ್ಣುವರ್ಧನ ಬೇಲೂರಿನಲ್ಲಿ 1117ರಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದವನು. ಮುಂದೆ ಪಟ್ಟಕ್ಕೆ ಬಂದ ನರಸಿಂಹ ಇನ್ನೊಬ್ಬ ರಾಣಿ ಲಕ್ಷ್ಮೀದೇವಿಯ ಮಗ. 1131ರಲ್ಲಿ ಶಾಂತಲೆ ಶಿವಗಂಗೆಯಲ್ಲಿ ತೀರಿಕೊಂಡಳು, ಆ ಬಳಿಕ ತಾಯಿ ಮಾಚಿಕಬ್ಬೆ ಬೆಳಗೊಳದಲ್ಲಿ ಸಲ್ಲೇಖನ (ಉಪವಾಸದಿಂದ ದೇಹ ಬಿಡುವ ಜೈನ ವ್ರತ) ಕೈಗೊಂಡಳು ಎನ್ನುವುದು ಶಾಸನ. ಮಗನಿಲ್ಲದ ದುಃಖಕ್ಕೆ ಬೆಟ್ಟದಿಂದ ಹಾರಿದಳು ಎನ್ನುವುದು ಜನರ ಮಾತು. ಅದು ಬಲಪುಟಕ್ಕೆ ಸೇರಿದ್ದು.

ಆಮೇಲೆ ಆಸ್ಥಾನದ ಕಾವ್ಯ. ಕೆಳದಿಗೆ ಲಿಂಗಣ್ಣನ ‘ಕೆಳದಿನೃಪವಿಜಯ’ ಇದೆ. ಘಟನೆಗಳ ಸಾಲು, ಊರುಗಳ ಹೆಸರು, ದಾನಗಳ ವಿವರ ಇದರಲ್ಲಿ ಧಾರಾಳವಾಗಿ ಸಿಗುತ್ತವೆ. ಆದರೆ ಕವಿ ಕೆಳದಿ ಅರಮನೆಯ ಅನ್ನ ಉಂಡವನು, ಮತ್ತು ಚೆನ್ನಮ್ಮಾಜಿಯ ನಂತರ ಪಟ್ಟ ಏರಿದ್ದು ಆಕೆ ದತ್ತು ತೆಗೆದುಕೊಂಡ ಬಸವಪ್ಪನ ವಂಶ. ಆ ದತ್ತು ಸಮರ್ಪಕವಾಗಿತ್ತೆಂದು ತೋರಿಸುವುದರಲ್ಲಿ ಅವರೆಲ್ಲರ ಹಿತವಿತ್ತು. ಕಾವ್ಯದಲ್ಲಿ ಯಾವುದು ಅತಿ ಸಲೀಸಾಗಿ ನಡೆದುಹೋಗುತ್ತದೋ ಅಲ್ಲಿ ಬೆರಳಿಟ್ಟು ನಿಲ್ಲಿ. ನಿಜವಾದ ಜಗಳ ಅಲ್ಲೇ ನಡೆದಿರುವ ಸಂಭವ ಹೆಚ್ಚು.

ಮೂರನೆಯದು ಪರದೇಶಿಯ ಕಣ್ಣು. ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಪೋರ್ಚುಗೀಸ್ ರಾಯಭಾರಿಯ ಜೊತೆ ಇಕ್ಕೇರಿಗೆ ಬಂದ. ನೆಲವನ್ನು ಸೆಗಣಿಯಿಂದ ಸಾರಿಸುವುದು, ಹುಡುಗರು ಮರಳಿನ ಮೇಲೆ ಅಂಕಿ ಬರೆದು ರಾಗವಾಗಿ ಮಗ್ಗಿ ಒಪ್ಪಿಸುವುದು, ಹಬ್ಬದಲ್ಲಿ ಹುಡುಗಿಯರು ಬಣ್ಣದ ಕೋಲು ಹಿಡಿದು ಬೀದಿಯಲ್ಲಿ ಆಡುವುದು ಎಲ್ಲವನ್ನೂ ಬರೆದಿಟ್ಟ. ಊರಿನವರಿಗೆ ಬರೆಯುವಷ್ಟು ದೊಡ್ಡದೆನಿಸದ ಸಂಗತಿಗಳು ಇವು, ನಮಗೆ ಬೇಕಾದವೂ ಇವೇ. ಅದೇ ಪ್ರಯಾಣದಲ್ಲಿ ಉಳ್ಳಾಲದ ರಾಣಿಯನ್ನೂ ಕಂಡ. ಆಕೆ ನೀರಿನ ಕಾಲುವೆಯ ಕೆಲಸ ನೋಡಲು ಹೊರಟಿದ್ದರು. ಬರಿಗಾಲು, ಸೊಂಟಕ್ಕೆ ಬಿಳಿಯ ಹತ್ತಿಬಟ್ಟೆ, ತಲೆಯ ಮೇಲೆ ಒಬ್ಬರು ಹಿಡಿದ ತಾಳೆಗರಿಯ ಕೊಡೆ. ಬೇಹುಗಾರಿಕೆ, ಕಾಳುಮೆಣಸು, ಪೋರ್ಚುಗೀಸರ ಮೇಲಿನ ಯುದ್ಧ ಎಲ್ಲ ನಡೆಸುತ್ತಿದ್ದ ದೊರೆ ಅದು. ನಿಮ್ಮ ಹಸ್ತಪ್ರತಿಯ ರಾಣಿಗೆ ಜರಿಯ ಸೀರೆ, ಎಂಟು ಎಳೆ ಸರ ಹಾಕುವ ಮೊದಲು ಈ ಪುಟವನ್ನು ಮತ್ತೊಮ್ಮೆ ಓದಿ. ಆದರೂ ಪರದೇಶಿ ಕೇಳಿದ ಮಾತನ್ನು ದುಭಾಷಿಯ ಮೂಲಕ ಕೇಳಿದ್ದಾನೆ. ಕಂಡದ್ದಕ್ಕೆ ಹೆಚ್ಚು ಬೆಲೆ ಕೊಡಿ, ಕೇಳಿದ್ದಕ್ಕೆ ಕಡಿಮೆ.

ನಾಲ್ಕನೆಯ ಸಾಕ್ಷಿ ಗೆದ್ದವನದು. ಅದಕ್ಕೆ ಮುಂದೆ ಪ್ರತ್ಯೇಕ ಹೆಜ್ಜೆಯೇ ಇದೆ.

ಹೆಜ್ಜೆ 4: ಅಧಿಕಾರದ ನಕ್ಷೆ ಬಿಡಿಸಿ

ಇದೇ ಇಡೀ ಕೆಲಸದ ಬೆನ್ನೆಲುಬು. ಇದನ್ನು ಹಾರಿಸಿಕೊಂಡು ಹೋಗುವ ಆಸೆ ಎಲ್ಲರಿಗೂ ಆಗುತ್ತದೆ, ಹಾರಿಸಬೇಡಿ. ನಿಮ್ಮ ರಾಣಿಯ ಬಗ್ಗೆ ಐದು ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಆಕೆ ಭೂಮಿಯನ್ನು ದಾನ ಕೊಡಬಲ್ಲಳೆ, ಕೊಟ್ಟರೆ ಯಾರ ಹೆಸರಿನಲ್ಲಿ? ನಿರೂಪ (ಅರಮನೆಯ ಆಜ್ಞಾಪತ್ರ) ಹೊರಟರೆ ಮುದ್ರೆ ಯಾರ ಕೈಯಲ್ಲಿ? ದಳವಾಯಿ (ಸೇನಾಪತಿ) ಮೊದಲು ಯಾರ ಮುಂದೆ ಬಂದು ತಲೆಬಾಗುತ್ತಾನೆ? ಗುರುಮಠದ ಸ್ವಾಮಿಗಳು ಆಕೆಯ ಪರವೋ ದಾಯಾದಿಗಳ ಪರವೋ? ಪಟ್ಟಕ್ಕೆ ಬರುವ ಹುಡುಗ ಯಾರ ಮಡಿಲಿನವನು?

ಕೊನೆಯ ಪ್ರಶ್ನೆಯನ್ನು ಇನ್ನಷ್ಟು ಕೆದಕಿ. ಮಕ್ಕಳಿಲ್ಲದ ರಾಣಿ ಗಂಡನ ನಂತರ ಆಳಬೇಕಾದರೆ ದತ್ತುಮಗ ಬೇಕು. ಹುಡುಗ ತೀರ ಚಿಕ್ಕವನಾದರೆ ಆಕೆಗೆ ಹತ್ತು ಹದಿನೈದು ವರ್ಷ ಸಿಗುತ್ತದೆ. ಮೀಸೆ ಚಿಗುರಿದವನಾದರೆ ಎರಡೇ ವರ್ಷ. ಹಾಗಾಗಿ ಅರಮನೆಯ ಅಂಗಳದಲ್ಲಿ ಕುದುರೆ ಸವಾರಿ ಕಲಿಯುತ್ತಿರುವ ಹುಡುಗ ಪ್ರತಿ ವರ್ಷ ಒಂದು ಗೇಣು ಎತ್ತರವಾಗುವುದನ್ನು ಆಕೆ ಹೆಮ್ಮೆಯಿಂದಲೂ ನೋಡುತ್ತಾಳೆ, ಲೆಕ್ಕ ಹಾಕುತ್ತಲೂ ನೋಡುತ್ತಾಳೆ. ಈ ಎರಡೂ ಭಾವ ಒಂದೇ ನೋಟದಲ್ಲಿ ಬರುವಂತೆ ಬರೆಯಬಲ್ಲಿರಾದರೆ ಅರ್ಧ ಕಾದಂಬರಿ ಆದಂತೆಯೇ.

ಇನ್ನು ಊಳಿಗದವರು. ಅಂತಃಪುರವೆಂದರೆ ಮೈಗೆ ಗಂಧ ಹಚ್ಚುವ ಸಖಿಯರ ಗುಂಪು ಎಂಬ ಚಿತ್ರ ನಮ್ಮ ತಲೆಯಲ್ಲಿ ಕೂತಿದೆ. ವಿಜಯನಗರಕ್ಕೆ 1535ರ ಸುಮಾರಿಗೆ ಬಂದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್ ಬೇರೆಯೇ ಚಿತ್ರ ಕೊಡುತ್ತಾನೆ. ಅರಮನೆಯ ಬಾಗಿಲೊಳಗಿನ ಖರ್ಚಿನ ಲೆಕ್ಕ ಬರೆಯುವವರು ಹೆಂಗಸರು. ರಾಜ್ಯದ ಸಂಗತಿಗಳನ್ನು ಬರೆದಿಟ್ಟು ಹೊರಗಿನ ಲೇಖಕರ ಪುಸ್ತಕದೊಂದಿಗೆ ತಾಳೆ ನೋಡುವವರು ಹೆಂಗಸರು. ಕುಸ್ತಿಯಾಡುವವರು, ನ್ಯಾಯ ಹೇಳುವವರು, ರಾತ್ರಿ ಕಾವಲಿರುವವರೂ ಹೆಂಗಸರೇ. ಮಲೆನಾಡಿನ ನಾಯಕರ ಮನೆ ಅಷ್ಟು ದೊಡ್ಡದಲ್ಲ, ಸಂಖ್ಯೆ ಇಳಿಸಿಕೊಳ್ಳಿ. ಆದರೆ ಅಂತಃಪುರವೂ ಒಂದು ಕಚೇರಿ ಎಂಬುದನ್ನು ಬಿಡಬೇಡಿ. ಹುಣಿಸೆಬೀಜದ ಅಂಟು, ಇದ್ದಿಲು ಬಳಿದ ಬಟ್ಟೆಯ ಕಪ್ಪು ಕಡತದ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿರುವ ಒಬ್ಬ ನಡುವಯಸ್ಸಿನ ಹೆಂಗಸನ್ನು ಮೂಲೆಯಲ್ಲಿ ಕೂರಿಸಿ. ರಾಣಿ ಯಾರಿಗೆ ಎಷ್ಟು ಕೊಟ್ಟಳು ಎಂಬುದು ಗೊತ್ತಿರುವ ಏಕೈಕ ಜೀವ ಅದು.

ಕೊನೆಗೆ ಕಾಗದದ ಮೇಲೆ ಅರಮನೆಯ ಬಾಗಿಲುಗಳನ್ನು ಗುರುತು ಮಾಡಿ: ಯಾವ ಬಾಗಿಲಲ್ಲಿ ಯಾರು ತಡೆಯುತ್ತಾರೆ, ಯಾವುದು ಅಡುಗೆಮನೆಗೆ ತೆರೆಯುತ್ತದೆ. ಪ್ರೇಮವೂ ಪಿತೂರಿಯೂ ನಡೆಯುವುದು ಕಾವಲು ಸಡಿಲವಾದ ಬಾಗಿಲಲ್ಲಿ.

ಹೆಜ್ಜೆ 5: ಈಗ ಪ್ರೇಮ

ಇಕ್ಕೇರಿಯಲ್ಲಿ ದೆಲ್ಲಾ ವಾಲ್ಲೆ ಕೇಳಿ ಬರೆದಿಟ್ಟ ಒಂದು ಕಥೆ ಇದೆ. ವೆಂಕಟಪ್ಪ ನಾಯಕನ ಪಟ್ಟದ ರಾಣಿ ಭದ್ರಮ್ಮ. ಬಹಳ ವರ್ಷಗಳ ದಾಂಪತ್ಯ. ನಾಯಕ ಹತ್ತಿರದ ಕೋಟೆಯೊಂದರಲ್ಲಿ ಮುಸ್ಲಿಂ ಹೆಂಗಸೊಬ್ಬಳನ್ನು ಗುಟ್ಟಾಗಿ ಇರಿಸಿಕೊಂಡಿದ್ದಾನೆ ಎಂದು ತಡವಾಗಿ ಆಕೆಗೆ ತಿಳಿಯುತ್ತದೆ. ಲಿಂಗಾಯತ ರಾಣಿ ತನ್ನ ಶುದ್ಧಿಗೆ ಭಂಗ ಬಂದಿತೆಂದು ಅಂದಿನಿಂದ ಅವನ ಜೊತೆಗಿನ ಸಂಸಾರ ಬಿಟ್ಟರು. ಅರಮನೆ ಬಿಡಲಿಲ್ಲ, ಇನ್ನು ಮೇಲೆ ಮಗಳಂತೆ ಇರುತ್ತೇನೆ ಎಂದರು. ಪ್ರಾಯಶ್ಚಿತ್ತಕ್ಕೆ ಹಣ ಸುರಿಯಲು ನಾಯಕ ಸಿದ್ಧನಿದ್ದರೂ ಒಪ್ಪಲಿಲ್ಲ. ಆ ಪ್ರವಾಸಿ ಬರುವ ಹೊತ್ತಿಗೆ ಅವರು ತೀರಿಕೊಂಡಿದ್ದರು.

ಇದನ್ನು ದೃಶ್ಯವಾಗಿ ಬರೆಯಬೇಕು ಎನ್ನಿ. ಕೈಗೆ ಮೊದಲು ಸಿಗುವುದು ಕಣ್ಣೀರು, ಒಡೆದ ಬಳೆ, ನಾಟಕದ ಉದ್ದ ಮಾತು. ಅವನ್ನೆಲ್ಲ ಒಂದು ಕಾಗದದ ಮೇಲೆ ಬರೆದು ಮುಗಿಸಿ ಬದಿಗಿಡಿ. ನಕ್ಷೆಗೆ ಹಿಂದಿರುಗಿ: ಪಟ್ಟದ ರಾಣಿಯ ಕೈಯಲ್ಲಿರುವ ವಸ್ತುಗಳು ಯಾವುವು? ನಾನಾದರೆ ಹೀಗೆ ಬರೆಯುತ್ತೇನೆ:

“ಒಳಬೊಕ್ಕಸದ ಬೀಗದ ಕೈ ಇಲ್ಲಿದೆ,” ಎಂದರು ಭದ್ರಮ್ಮ. “ನನ್ನ ಲಿಂಗಪೂಜೆಯ ಪಾತ್ರೆಗಳನ್ನು ಬೇರೆ ಇಡಿಸಿದ್ದೇನೆ. ಅಡುಗೆಯೂ ಇವತ್ತಿನಿಂದ ಬೇರೆ.”

ನಾಯಕರು ಬೀಗದ ಕೈಯನ್ನು ಮುಟ್ಟಲಿಲ್ಲ. “ಮಠಕ್ಕೆ ಹೇಳಿ ಕಳಿಸುತ್ತೇನೆ. ಪ್ರಾಯಶ್ಚಿತ್ತ ಎಷ್ಟೆಂದು ಗುರುಗಳು ಹೇಳಲಿ.”

“ಅವರು ಹೇಳುತ್ತಾರೆ. ತಾವು ಕೊಡುತ್ತೀರಿ. ಬೊಕ್ಕಸದಲ್ಲಿ ವರಹಕ್ಕೇನು ಕೊರತೆ?”

“ಮತ್ತೆ ನಾನು ಏನು ಮಾಡಬೇಕು?”

“ಅಪ್ಪನಾದವರು ಮಗಳಿಗೆ ಏನು ಮಾಡುತ್ತಾರೋ ಅಷ್ಟು ಸಾಕು. ದೀಪಾವಳಿಗೆ ಒಂದು ಸೀರೆ ಕಳಿಸಿ.”

ಬೀಗದ ಕೈ, ಪಾತ್ರೆ, ಅಡುಗೆ, ಸೀರೆ. ಪ್ರೀತಿ ಎಂಬ ಪದ ಎಲ್ಲಿಯೂ ಇಲ್ಲ. ಆದರೆ ಆಕೆ ಬೀಗದ ಕೈಯನ್ನು ತಾನಾಗಿ ಹಿಂದಿರುಗಿಸುವುದರಲ್ಲಿ ಸಿಟ್ಟಿದೆ, ಅವನು ತೆಗೆದುಕೊಳ್ಳದೆ ಇರುವುದರಲ್ಲಿ ಆಸೆ ಇದೆ. ಮುಂದಿನ ಅಧ್ಯಾಯದಲ್ಲಿ ಆ ಬೀಗದ ಕೈ ಯಾರ ಸೊಂಟದಲ್ಲಿದೆ ಎಂದು ಅರಮನೆ ಇಡೀ ನೋಡುತ್ತದೆ. ಪ್ರೇಮದ ಒಂದು ಮಾತು ಹೀಗೆ ಅಧಿಕಾರದ ಸುದ್ದಿಯಾಗುತ್ತದೆ.

ಈ ಕಥೆಯಲ್ಲಿ ಇನ್ನೊಬ್ಬಳಿದ್ದಾಳೆ, ಕೋಟೆಯಲ್ಲಿರುವವಳು. ಅವಳ ಹೆಸರು ಯಾರೂ ಬರೆದಿಡಲಿಲ್ಲ. ಅವಳನ್ನು ಮಾಟಗಾತಿ ಮಾಡುವುದು ಸುಲಭ, ಬಲಿಪಶು ಮಾಡುವುದೂ ಸುಲಭ. ಅವಳಿಗೂ ಆ ಐದು ಪ್ರಶ್ನೆಗಳನ್ನು ಕೇಳಿ. ಕೋಟೆಗೆ ಅಕ್ಕಿ ಯಾರು ಕಳಿಸುತ್ತಾರೆ? ನಾಯಕ ಬರದೆ ಇರುವ ಮಳೆಗಾಲದಲ್ಲಿ ಅವಳನ್ನು ಕಾಯುವ ಕೋಟೆಯ ಅಧಿಕಾರಿಯ ವರ್ತನೆ ಹೇಗೆ? ಬಹುಶಃ ಕಾದಂಬರಿಯ ಅತ್ಯುತ್ತಮ ಅಧ್ಯಾಯ ಅವಳದೇ ಆಗುತ್ತದೆ.

ಚೆನ್ನಮ್ಮಾಜಿಯ ಕಥೆಯ ಕಲಾವತಿಗೂ ಇದೇ ಮಾತು. ರಾಜ ಕೆಟ್ಟರೆ ಅದಕ್ಕೆ ಕುಣಿಯುವವಳು ಕಾರಣ ಎಂದು ಹೇಳುವುದು ಎಲ್ಲ ಆಸ್ಥಾನಗಳಿಗೂ ಅನುಕೂಲ. ಸೋಮಶೇಖರ ನಾಯಕನ ಕಾಯಿಲೆ ಮದ್ದಿನಿಂದ ಬಂದದ್ದೋ ಮೊದಲೇ ಇದ್ದದ್ದೋ ಎಂಬುದನ್ನು ನಿಮ್ಮ ಕಾದಂಬರಿ ತೆರೆದಿಡಲಿ. ನರ್ತಕಿಗೆ ತಾಯಿ, ಮನೆ, ಮುಪ್ಪಿನ ಭಯ ಕೊಡಿ. ಕುಣಿಯುವುದೇ ಕಸುಬಾದ ಮನೆಯಲ್ಲಿ ಹುಟ್ಟಿದವಳಿಗೆ ರಾಜನ ಒಲವು ಎಂದರೆ ಮುಂದಿನ ತಲೆಮಾರಿಗೆ ನೆಲ.

ಒಲವು ಗೆದ್ದ ಕಥೆಯೂ ಒಂದಿದೆ. 1520ರ ಆಸುಪಾಸಿನಲ್ಲಿ ವಿಜಯನಗರ ನೋಡಿದ ಪೋರ್ಚುಗೀಸ್ ಪ್ರವಾಸಿ ಪಯಸ್ ಬರೆಯುತ್ತಾನೆ: ಕೃಷ್ಣದೇವರಾಯನ ಮೂವರು ಮುಖ್ಯ ರಾಣಿಯರಲ್ಲಿ ಒಬ್ಬಳು ಒರಿಸ್ಸಾದ ದೊರೆಯ ಮಗಳು, ಒಬ್ಬಳು ಶ್ರೀರಂಗಪಟ್ಟಣದ ದೊರೆಯ ಮಗಳು, ಇನ್ನೊಬ್ಬಳು ರಾಯ ಪಟ್ಟಕ್ಕೆ ಬರುವ ಮೊದಲೇ ಪ್ರೀತಿಸಿದ ಗಣಿಕೆ. ದೊರೆಯಾದರೆ ಮದುವೆಯಾಗಬೇಕು ಎಂದು ಮಾತು ಪಡೆದಿದ್ದಳು; ಅವನು ನಡೆಸಿಕೊಟ್ಟ. ಶ್ರೀರಂಗಪಟ್ಟಣದ ತಿರುಮಲಾದೇವಿ, ಗಣಿಕೆಯಾಗಿದ್ದಳೆನ್ನುವ ಚಿನ್ನಾದೇವಿ ಇಬ್ಬರೂ 1513ರಲ್ಲಿ ತಿರುಪತಿಯ ದೇವರಿಗೆ ಕಾಣಿಕೆ ಕೊಟ್ಟಿದ್ದಾರೆ, ಇಬ್ಬರ ಕಂಚಿನ ಮೂರ್ತಿಗಳೂ ರಾಯನ ಎಡಬಲದಲ್ಲಿ ತಿರುಮಲೆಯಲ್ಲಿ ನಿಂತಿವೆ. ಹೊರಗೆ ಸಮಾನತೆ ಪರಿಪೂರ್ಣ. ಒಳಗೆ? ಪಟ್ಟದ ಹಕ್ಕುಳ್ಳ ಮಗು ಹುಟ್ಟಿದ ದಿನ ಈ ಇಬ್ಬರ ನಡುವಿನ ತಕ್ಕಡಿ ಎತ್ತ ವಾಲಿತು ಎಂಬುದು ಬರೆಯಲು ತಕ್ಕ ವಿಷಯ.

ಹೆಜ್ಜೆ 6: ಅಪವಾದವನ್ನು ದಾಖಲೆಯೆಂದು ಓದಬೇಡಿ, ಅಸ್ತ್ರವೆಂದು ಓದಿ

ವೀರಮ್ಮಾಜಿ 1757ರಿಂದ 1763ರವರೆಗೆ ದತ್ತುಮಗನ ಹೆಸರಿನಲ್ಲಿ ಬಿದನೂರನ್ನು ಆಳಿದಳು. 1763ರಲ್ಲಿ ಹೈದರ್ ಅಲಿ ನಗರ ಹಿಡಿದ, ಅದಕ್ಕೆ ಹೈದರನಗರ ಎಂದು ಹೆಸರಿಟ್ಟ, ರಾಣಿಯನ್ನು ಮಧುಗಿರಿಯಲ್ಲಿ ಸೆರೆಯಿಟ್ಟ. 1767ರಲ್ಲಿ ಪೇಶ್ವೆ ಮಾಧವರಾಯನ ಸೈನ್ಯ ಆಕೆಯನ್ನು ಬಿಡಿಸಿತು. ಆಕೆಗೆ ಪ್ರಿಯಕರನಿದ್ದ, ಅದನ್ನು ವಿರೋಧಿಸಿದ ಹಿಂದಿನ ದತ್ತುಮಗ ಚೆನ್ನಬಸವಪ್ಪನನ್ನು ಆಕೆಯೇ ಕೊಲ್ಲಿಸಿದಳು ಎಂಬ ಕಥೆ ಹಬ್ಬಿತು. 1810ರಲ್ಲಿ ಮೊದಲ ಸಂಪುಟ ಹೊರತಂದ ಬ್ರಿಟಿಷ್ ಅಧಿಕಾರಿ ವಿಲ್ಕ್ಸ್‌ನ ಮೈಸೂರು ಇತಿಹಾಸದ ಮೂಲಕ ಇಂಗ್ಲಿಷ್ ಓದುಗರಿಗೂ ತಲುಪಿತು.

ಈಗ ಗಮನಿಸಿ. ಹೈದರ್ ಬಿದನೂರಿನ ಮೇಲೆ ಬಂದಾಗ ಅವನ ಜೊತೆಗೆ ಒಬ್ಬ ಹುಡುಗನಿದ್ದ. ಸಾಯದೆ ತಪ್ಪಿಸಿಕೊಂಡ ಚೆನ್ನಬಸವಪ್ಪ ತಾನೇ ಎನ್ನುತ್ತಿದ್ದ. ಆ ಹುಡುಗನ ಹಕ್ಕು ನಿಲ್ಲಬೇಕಾದರೆ ರಾಣಿ ಕೊಲೆಗೆ ಯತ್ನಿಸಿರಬೇಕು. ಕೊಲೆಗೆ ಕಾರಣ ಬೇಕು. ವಿಧವೆಗೆ ಅತ್ಯಂತ ಅಗ್ಗವಾಗಿ ಹೊರಿಸಬಹುದಾದ ಕಾರಣ ಯಾವುದೆಂದು ಊರಿಗೇ ಗೊತ್ತು. ಇದರಿಂದ ಕಥೆ ಸುಳ್ಳೆಂದು ಸಾಬೀತಾಗುವುದಿಲ್ಲ. ಆದರೆ ಆ ಕಥೆಗೆ ಕೆಲಸವಿತ್ತು ಎಂಬುದು ಕಾಣುತ್ತದೆ.

ಕಾದಂಬರಿಕಾರರ ಮುಂದೆ ಮೂರು ದಾರಿಗಳಿವೆ. ಪ್ರಿಯಕರನಿದ್ದ ಎಂದು ಬರೆಯಬಹುದು; ಇರಲಿಲ್ಲ ಎಂದು ಬರೆಯಬಹುದು; ಅಪವಾದ ಹುಟ್ಟಿ ಬೆಳೆಯುವುದನ್ನೇ ಬರೆಯಬಹುದು. ನನ್ನ ಮತ ಮೂರನೆಯದಕ್ಕೆ. ರಾಣಿಯ ಕೋಣೆಗೆ ರಾತ್ರಿ ಹೋಗಿ ಬರುವ ಒಬ್ಬ ಅಧಿಕಾರಿ ಇದ್ದಾನೆ, ಕೈಯಲ್ಲಿ ಕಾಗದದ ಕಟ್ಟು ಇದೆ. ಒಳಗೆ ಏನು ನಡೆಯುತ್ತದೆ ಎಂದು ಓದುಗನಿಗೆ ಒಮ್ಮೆ ಗೊತ್ತಾಗಲಿ, ಒಮ್ಮೆ ಗೊತ್ತಾಗದಿರಲಿ. ನೀರು ಹೊರುವವಳು ಹೇಳಿದ ಒಂದು ಮಾತು ಎಲೆ ಅಡಿಕೆ ಅಂಗಡಿಗೆ, ಅಲ್ಲಿಂದ ಚಿತ್ರದುರ್ಗಕ್ಕೆ, ಅಲ್ಲಿಂದ ಹೈದರನ ಡೇರೆಗೆ ಹೋಗುವಷ್ಟರಲ್ಲಿ ಹೇಗೆ ಬದಲಾಗುತ್ತದೆ ಎಂದು ಹಿಂಬಾಲಿಸಿ. ಗಂಡು ದೊರೆಗೆ ಹತ್ತು ಹೆಂಗಸರಿದ್ದರೆ ಬಿರುದು, ಹೆಣ್ಣು ದೊರೆಗೆ ಒಬ್ಬ ಕರಣಿಕನಿದ್ದರೆ ಕಥೆ ಎಂದು ಭಾಷಣ ಮಾಡುವ ಅಗತ್ಯ ಆಗ ಬೀಳುವುದಿಲ್ಲ.

ಹೆಜ್ಜೆ 7: ಕಥೆ ಹೇಳುವವರು ಯಾರು

ರಾಣಿಯೇ ‘ನಾನು’ ಎಂದು ಹೇಳುವ ರೂಪ ಆಕರ್ಷಕವಾಗಿ ಕಾಣುತ್ತದೆ, ಬೇಗ ಸುಸ್ತಾಗಿಸುತ್ತದೆ. ಆಕೆ ತನಗೆ ತಾನೇ ಎಲ್ಲವನ್ನೂ ವಿವರಿಸಿಕೊಳ್ಳತೊಡಗುತ್ತಾಳೆ. ಪಕ್ಕದಲ್ಲಿ ನಿಂತು ನೋಡುವವಳು ಹೆಚ್ಚು ಉಪಯೋಗಿ. ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆ ಅಡಿಕೆಯ ಸಂಚಿ ಹಿಡಿಯುವ ಊಳಿಗದಲ್ಲಿದ್ದ ಹೊನ್ನಮ್ಮ ಕಾವ್ಯ ಬರೆದು ಹೆಸರಾದಳು. ಚೆನ್ನಮ್ಮಾಜಿಯ ಕಾಲದವಳೇ ಅವಳು. ಸಂಚಿಯವಳು ರಾಣಿಯ ಪಕ್ಕ ಒಂದು ಮಾರು ದೂರದಲ್ಲಿ ಸದಾ ಇರುತ್ತಾಳೆ, ಎಲ್ಲ ಕೇಳಿಸಿಕೊಳ್ಳುತ್ತಾಳೆ, ಯಾರೂ ಅವಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಂಥವಳು ನಿಮ್ಮ ಕಥೆ ಹೇಳಲಿ. ಅವಳಿಗೆ ಗೊತ್ತಿಲ್ಲದ್ದು ಓದುಗರಿಗೂ ಗೊತ್ತಾಗದಿರಲಿ.

ಹೆಜ್ಜೆ 8: ಮಾತು

ಹಳಗನ್ನಡ ಬರೆಯಲು ಹೋಗಬೇಡಿ. ಸಿನಿಮಾದ ದರ್ಬಾರಿನ ಕನ್ನಡವಂತೂ ಬೇಡವೇ ಬೇಡ. “ಪ್ರಿಯೇ, ನಿನ್ನ ವಿರಹದಲ್ಲಿ ನಾನು ಬೆಂದು ಹೋಗಿದ್ದೇನೆ” ಎಂದು ನಾಯಕ ಒಮ್ಮೆ ಬಾಯಿಬಿಟ್ಟರೆ ಅವನನ್ನು ಮತ್ತೆ ಯಾರೂ ನಂಬುವುದಿಲ್ಲ. ಸರಳ ವಾಕ್ಯ, ಹಳೆಯ ಕಚೇರಿಯ ಕೆಲವೇ ಮಾತು: ರಾಯಸ (ಪತ್ರ), ನಿರೂಪ, ದಳವಾಯಿ, ಶಾನುಭೋಗ, ಓಲೆಕಾರ, ಹಡಪದವಳು (ಎಲೆ ಅಡಿಕೆಯ ಸಂಚಿ ಹಿಡಿಯುವವಳು). ಪುಟಕ್ಕೆ ಒಂದೆರಡು ಸಾಕು.

ಸಂಬೋಧನೆಗೆ ಒಂದು ಪಟ್ಟಿ ಮಾಡಿಟ್ಟುಕೊಳ್ಳಿ. ಊಳಿಗದವರು ರಾಣಿಗೆ ಅಮ್ಮಾಜಿ, ಅವ್ವ. ರಾಣಿ ಸ್ವಾಮಿಗಳಿಗೆ ಬುದ್ಧಿ. ದಳವಾಯಿಗೆ ಹೆಸರು ಹಿಡಿದು ಅಪ್ಪ ಸೇರಿಸಿ. ದತ್ತುಮಗನಿಗೆ ಎಲ್ಲರ ಮುಂದೆ ಬಹುವಚನ, ಒಳಗೆ ಏಕವಚನ. ಯಾವುದನ್ನೇ ಆರಿಸಿಕೊಂಡರೂ ಕೊನೆಯವರೆಗೆ ಕಾಪಾಡಿ, ಏಕೆಂದರೆ ಅದನ್ನು ಒಮ್ಮೆ ಮುರಿದರೆ ದೊಡ್ಡ ಕೆಲಸವಾಗುತ್ತದೆ. ಹದಿನಾರು ವರ್ಷದ ಬಸವಪ್ಪ ದರ್ಬಾರಿನಲ್ಲಿ ಅವ್ವ ಎನ್ನುವ ಬದಲು ಮೊದಲ ಬಾರಿ ಅಮ್ಮಾಜಿಯವರು ಎಂದ ದಿನ ಚೆನ್ನಮ್ಮಾಜಿಗೆ ರಾತ್ರಿ ನಿದ್ರೆ ಬರಬಾರದು.

ಹೆಜ್ಜೆ 9: ಮಳೆ, ಮೆಣಸು, ದೀಪ

ಬಿದನೂರಿನಲ್ಲಿ ಮಳೆ ಎಂದರೆ ನಾಲ್ಕು ತಿಂಗಳು. ಆಗ ಘಟ್ಟ ಇಳಿಯುವವರು ಕಡಿಮೆ, ಸೈನ್ಯ ಕದಲುವುದಿಲ್ಲ, ಓಲೆಕಾರ ಗೊರಬು ಹೊದ್ದು ಬಂದರೂ ಓಲೆ ತಡವಾಗುತ್ತದೆ. ಹೀಗಾಗಿ ಪಿತೂರಿಗೆ ಮಳೆಗಾಲ, ಯುದ್ಧಕ್ಕೆ ಬೇಸಿಗೆ. ಕಾಲವನ್ನು ಗಳಿಗೆಯಲ್ಲಿ ಅಳೆಯಿರಿ: 24 ನಿಮಿಷಕ್ಕೆ ಒಂದು, ದಿನಕ್ಕೆ 60. ಹಣಕ್ಕೆ ಶಿವಪಾರ್ವತಿಯರ ಚಿತ್ರವಿದ್ದ ಇಕ್ಕೇರಿ ವರಹ. ಊಟಕ್ಕೆ ಆಲೂಗಡ್ಡೆ, ಟೊಮೆಟೊ ಬೇಡ. ಖಾರಕ್ಕೆ ಕಾಳುಮೆಣಸೇ ಸುರಕ್ಷಿತ. ಆ ಕಾಳುಮೆಣಸಿನ ಹಿಂದೆಯೇ ಪೋರ್ಚುಗೀಸರು ಬಂದದ್ದು. ಗೇರುಸೊಪ್ಪೆಯ ಚೆನ್ನಭೈರಾದೇವಿಗೆ ಅವರು ಮೆಣಸಿನ ರಾಣಿ ಎಂದೇ ಹೆಸರಿಟ್ಟಿದ್ದರು.

ಜಾಗ ನೋಡಿ ಬನ್ನಿ. ಸಾಗರದ ಹತ್ತಿರ ಕೆಳದಿಯ ರಾಮೇಶ್ವರ ದೇವಾಲಯ ಮತ್ತು ವಸ್ತುಸಂಗ್ರಹಾಲಯ, ಇಕ್ಕೇರಿಯ ಅಘೋರೇಶ್ವರ, ಹೊಸನಗರ ತಾಲ್ಲೂಕಿನ ನಗರದ (ಅಂದಿನ ಬಿದನೂರು) ಕೋಟೆ, ಕವಲೇದುರ್ಗ. ಫೋಟೊಗಿಂತ ದೂರ ಮುಖ್ಯ. ಕೋಟೆಯ ಬಾಗಿಲಿಂದ ಅರಮನೆಯ ಜಗಲಿಗೆ ನಡೆಯಲು ಎಷ್ಟು ಹೊತ್ತು ಬೇಕು, ಮೇಲಿನಿಂದ ಕೂಗಿದರೆ ಕೆಳಗೆ ಕೇಳಿಸುತ್ತದೆಯೇ ಎಂದು ಪರೀಕ್ಷಿಸಿ. ಸಾಧ್ಯವಾದರೆ ಆಷಾಢದಲ್ಲಿ ಹೋಗಿ, ಜಿಗಣೆಗೆ ಸುಣ್ಣ ಇಟ್ಟುಕೊಳ್ಳಿ.

ಹೆಜ್ಜೆ 10: ಮೊದಲ ಕರಡಿನ ನಂತರ

ಕರಡನ್ನು ಮೂರು ಸಲ ಬೇರೆ ಬೇರೆ ಪೆನ್ನು ಹಿಡಿದು ಓದಿ. ಮೊದಲ ಓದಿನಲ್ಲಿ ರಾಣಿ ನಿರ್ಧಾರ ತೆಗೆದುಕೊಳ್ಳುವ ಜಾಗಗಳಿಗೆ ಗುರುತು ಹಾಕಿ. ಮೂವತ್ತು ಪುಟ ಗುರುತಿಲ್ಲದೆ ಹೋಯಿತೆಂದರೆ ಆಕೆ ಅಲ್ಲಿ ಅಲಂಕಾರಕ್ಕೆ ಕೂತಿದ್ದಾಳೆ. ಆ ಪುಟಗಳನ್ನು ತೆಗೆಯಿರಿ ಅಥವಾ ಕೆಲಸ ಕೊಡಿ. ಎರಡನೆಯದರಲ್ಲಿ ಎಡಪುಟದ ಸಂಗತಿಗಳಿಗೆ ವಿರುದ್ಧವಾದದ್ದು ಇದೆಯೇ ನೋಡಿ. ಇದ್ದರೆ ತಿದ್ದಿ, ತಿದ್ದಲು ಮನಸ್ಸಿಲ್ಲದಿದ್ದರೆ ಅದು ಬೇಕೆಂದೇ ಮಾಡಿದ್ದು ಎಂದು ಗುರುತಿಟ್ಟುಕೊಳ್ಳಿ. ಮೂರನೆಯದನ್ನು ಜೋರಾಗಿ ಓದಿ, ಸಂಭಾಷಣೆಯನ್ನಷ್ಟೇ.

ಪುಸ್ತಕದ ಕೊನೆಗೆ ಲೇಖಕರ ಟಿಪ್ಪಣಿ ಹಾಕಿ. ಎರಡು ಪುಟ ಮೀರದಿರಲಿ. ಯಾವ ಪಾತ್ರ ಕಲ್ಪಿತ, ಯಾವ ಘಟನೆಯ ವರ್ಷ ಬದಲಿಸಿದ್ದೀರಿ, ಬಲಪುಟದಿಂದ ಏನನ್ನು ತೆಗೆದುಕೊಂಡಿರಿ ಎಂದು ನೇರವಾಗಿ ಹೇಳಿ. “ಇತಿಹಾಸಕ್ಕೆ ನಿಷ್ಠವಾಗಿ” ಎಂಬ ಮಾತು ಬೇಡ, ಅದನ್ನು ಬರೆದವರೆಲ್ಲ ಮುಂದಿನ ಸಾಲಿನಲ್ಲೇ ಸಿಕ್ಕಿಬೀಳುತ್ತಾರೆ. ಈ ರಾಣಿಯರು ಹಲವು ಊರುಗಳಿಗೆ, ಮಠಗಳಿಗೆ, ಸಮುದಾಯಗಳಿಗೆ ಇವತ್ತೂ ಮನೆಯ ಹಿರಿಯರು. ಅವರ ಮುಖ ನೋಡಿ ಕಥೆಯನ್ನು ಸಪ್ಪೆ ಮಾಡಬೇಕಿಲ್ಲ. ಆದರೆ ವೀರಮ್ಮಾಜಿಯ ಕೋಣೆಗೆ ಒಬ್ಬ ಗಂಡಸನ್ನು ನೀವೇ ಕಳಿಸಿದ್ದರೆ, ಕಳಿಸಿದವರು ನೀವು ಎಂದು ಟಿಪ್ಪಣಿಯಲ್ಲಿ ಸಹಿ ಹಾಕಿ.